ಕೋಳಿಗೂಡಿನ ಎದುರಿನ ಹಲಸಿನ ಮರದಲ್ಲಿ ವಾಸವಾಗಿರುವ ಕ್ಯಾಮೆರಾ ಮಹಾಶಯರಿಗೆ

ಇವರಿಂದ: ಅಬ್ದುಲ್ ರವೂಫ್, ಅರ್ಜಿ ಬರೆಯುವವರು, ವೇಣೂರು.

ಇವರಿಗೆ: ಶ್ರೀಯುತ ಕ್ಯಾಮೆರಾ ಮಹಾಶಯರು, ಹಲಸಿನ ಮರ, ನೆಲದಿಂದ ಮೊಣಕಾಲೆತ್ತರ, ವೇಣೂರು.

ದಿನಾಂಕ: 2006ರ ಜನವರಿ 24.

ವಿಷಯ: ನಾಯಿಯನ್ನು ಹಿಡಿಯಲು ನೇಮಕಗೊಂಡ ತಾವು ಕರ್ತವ್ಯದ ಮಿತಿ ಮೀರಿದ ಬಗ್ಗೆ.

ಉಲ್ಲೇಖ: ತಮ್ಮ ಮೂರು ರೀಲುಗಳು.

ಮಾನ್ಯರೇ,

ತಮ್ಮ ಒಂಟಿ ಕಣ್ಣಿಗೂ, ಅದರ ಕೆಳಗೆ ಹಗಲು ರಾತ್ರಿ ಮಿನುಗುವ ಕೆಂಪು ಬೊಟ್ಟಿಗೂ, ಹೊಟ್ಟೆಯೊಳಗಿನ ನಾಲ್ಕು ದಪ್ಪ ಸೆಲ್ಲುಗಳಿಗೂ ನನ್ನ, ನನ್ನ ಪತ್ನಿ ನಸೀಬಾಳ ಮತ್ತು ಉಳಿದಿರುವ ಕೋಳಿಗಳ ಪರವಾಗಿ ಅನಂತ ವಂದನೆಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ನಾನು ಅಷ್ಟೇನೂ ಕ್ಷೇಮವಾಗಿಲ್ಲ. ಅದಕ್ಕೆ ತಾವೇ ಕಾರಣರೆಂಬುದನ್ನು ಅತ್ಯಂತ ಗೌರವಪೂರ್ವಕವಾಗಿ ಈ ಕೆಳಗೆ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ತಮಗೆ ನನ್ನ ನೆತ್ತಿಯ ಪರಿಚಯ ಚೆನ್ನಾಗಿ ಉಂಟು, ಮುಖದ ಪರಿಚಯ ಕಡಿಮೆ, ಆದ್ದರಿಂದ ಎರಡು ಮಾತು ಹೇಳಿಕೊಳ್ಳುತ್ತೇನೆ. ಮೂವತ್ತೊಂದು ವರ್ಷಗಳಿಂದ ಬೆಳ್ತಂಗಡಿಯ ತಾಲೂಕು ಕಚೇರಿಯ ಹೊರಗೆ ಮಡಚುವ ಮೇಜು ಇಟ್ಟುಕೊಂಡು ಊರವರ ದೂರುಗಳನ್ನು ಬರೆದುಕೊಟ್ಟವನು ನಾನು. ತೋಡಿನ ನೀರು ತಿರುಗಿಸಿದ್ದು, ಕಾಲುದಾರಿಗೆ ಬೇಲಿ ಹಾಕಿದ್ದು, ಪಕ್ಕದ ಮನೆಯ ತೆಂಗಿನಮರ ತನ್ನ ಕಾಯಿಗಳನ್ನೆಲ್ಲ ನಮ್ಮ ಮಾಡಿನ ಮೇಲೆಯೇ ಬೀಳಿಸುವುದು, ಹೀಗೆ ಮನುಷ್ಯನಿಗೆ ಬರಬಹುದಾದ ಸಕಲ ಸಂಕಟಗಳನ್ನೂ ನಾನು ‘ಮಾನ್ಯರೇ’ ಎಂದು ಶುರು ಮಾಡಿ ಒಂದೂವರೆ ಪುಟದಲ್ಲಿ ಮುಗಿಸಿದ್ದೇನೆ. ನಾನು ಬರೆದ ಒಂದು ಅರ್ಜಿಯನ್ನು ಓದುತ್ತಾ ಬಂಟ್ವಾಳದ ವಕೀಲರೊಬ್ಬರು ಕಣ್ಣು ಒರೆಸಿಕೊಂಡದ್ದುಂಟು; ಅವರಿಗೆ ನೆಗಡಿಯಾಗಿತ್ತೆಂದು ಆಮೇಲೆ ಗೊತ್ತಾಯಿತು. ಇಷ್ಟು ವರ್ಷಗಳಲ್ಲಿ ನನ್ನ ಸ್ವಂತಕ್ಕೆಂದು ನಾನು ಬರೆಯುತ್ತಿರುವ ಮೊದಲ ದೂರು ಇದು, ಅದೂ ಒಂದು ಡಬ್ಬಿಯ ವಿರುದ್ಧ.

ಪ್ರಕರಣದ ಮೂಲ ತಮಗೆ ತಿಳಿದಿರಲಾರದು, ತಾವು ಆಗ ಇನ್ನೂ ಕಡಲಾಚೆ ಜುಬೈಲಿನ ಅಂಗಡಿಯ ಗಾಜಿನ ಹಿಂದೆ ಕುಳಿತಿದ್ದಿರಿ. ನಮ್ಮ ಬೇಲಿಯ ಆಚೆ ಬಸದಿಯ ಉಸ್ತುವಾರಿ ನೋಡಿಕೊಳ್ಳುವ ಶಾಂತಿರಾಜರ ಮನೆ ಉಂಟು. ಹತ್ತೊಂಬತ್ತು ವರ್ಷಗಳಿಂದ ನಮ್ಮ ಎರಡು ಮನೆಗೂ ಸೇರಿ ಒಂದೇ ಪೇಪರು. ಬೆಳಿಗ್ಗೆ ನಾನು ಓದಿ, ಬೆಳ್ತಂಗಡಿಯ ಬಸ್ಸಿಗೆ ಹೊರಡುವಾಗ ಬೇಲಿಯ ಕಂಬಕ್ಕೆ ಸಿಕ್ಕಿಸಿದರೆ ಅವರು ಒಯ್ಯುತ್ತಾರೆ. ಕೋರ್ಟಿನ ಸುದ್ದಿಗೆ ಅಡಿಗೆರೆ ಹಾಕುವ ಹಕ್ಕು ನನ್ನದು, ಪದಬಂಧ ತುಂಬಿಸುವ ಹಕ್ಕು ಅವರದ್ದು, ಇದು ಬರವಣಿಗೆಯಲ್ಲಿ ಇಲ್ಲದ ಕರಾರು. ಕಳೆದ ದೀಪಾವಳಿಯ ವಾರದಲ್ಲಿ ಬಸ್ಸು ತಡವಾದ ಒಂದು ದಿನ, ಕೈ ಸುಮ್ಮನಿರದೆ, ನಾನು ಆ ಪದಬಂಧವನ್ನು ತುಂಬಿಸಿಬಿಟ್ಟೆ. ಶಾಯಿಯಲ್ಲಿ ತುಂಬಿಸಿದೆ, ಅರ್ಧ ತಪ್ಪು ತುಂಬಿಸಿದೆ. ಶಾಂತಿರಾಜರು ಜಗಳವಾಡಲಿಲ್ಲ. ಮರುದಿನ ಪೇಪರು ಬಿಚ್ಚದೆ ಕಂಬದಲ್ಲೇ ಉಳಿಯಿತು, ಅದರ ಮರುದಿನವೂ ಉಳಿಯಿತು, ಅವರು ನಮ್ಮ ಹಿತ್ತಿಲಿಗೆ ಕಾಲಿಡುವುದನ್ನೇ ಬಿಟ್ಟರು.

ಅದಾಗಿ ಮೂರು ವಾರದೊಳಗೆ ನಮ್ಮ ಐದು ಕೋಳಿಗಳು ಮಾಯವಾದವು. ಕೂಗಿಲ್ಲ, ಜಗಳವಿಲ್ಲ, ಬೆಳಿಗ್ಗೆ ನೋಡಿದರೆ ಒಂದು ಕಡಿಮೆ. ಐದನೆಯದು ಹೋದ ಬೆಳಿಗ್ಗೆ ಶಾಂತಿರಾಜರ ನಾಯಿ ಮೋತಿ ಬೇಲಿಯ ಸಂದಿಯಲ್ಲಿ ನಿಂತು ನನ್ನನ್ನು ನೋಡುತ್ತಿತ್ತು, ಅದರ ಮೂತಿಯ ಮೇಲೆ ಒಂದು ಗರಿ ಇತ್ತು. ಮೂವತ್ತೊಂದು ವರ್ಷ ಊರವರ ದೂರು ಬರೆದವನಿಗೆ ಇಷ್ಟು ಸಾಕ್ಷಿ ಧಾರಾಳವಾಯಿತು. ನಾನು ನೇರವಾಗಿ ಪೇಟೆಯ ಹನೀಫಾನ ಹೋಟೆಲಿಗೆ ಹೋಗಿ, ಶಾಂತಿರಾಜರು ಚಹಾ ಕುಡಿಯುತ್ತಿದ್ದ ಬೆಂಚಿನ ಎದುರು ನಿಂತು, ಏಳೆಂಟು ಜನರ ಮುಂದೆ, ತಮ್ಮ ನಾಯಿ ನಮ್ಮ ಕೋಳಿಗಳನ್ನು ತಿಂದಿದೆ ಎಂದುಬಿಟ್ಟೆ.

ಈ ಮಾತಿನ ಭಾರ ತಮಗೆ ತಿಳಿಯುವಂತೆ ವಿವರಿಸಬೇಕು. ಮೋತಿಗೆ ಒಂಬತ್ತು ವರ್ಷ ಪ್ರಾಯ. ಅದು ಕಣ್ಣು ಬಿಟ್ಟದ್ದೇ ಆ ಮನೆಯಲ್ಲಿ, ಮೊಸರನ್ನ ತಿಂದು ಬೆಳೆದದ್ದು, ಮೊಟ್ಟೆ ಹೇಗಿರುತ್ತದೆಂದು ಅದಕ್ಕೆ ಗೊತ್ತಿಲ್ಲವೆಂದು ಅವರ ಪತ್ನಿ ರಾಜಮತಿಯಮ್ಮ ಯಾವತ್ತೂ ಹೆಮ್ಮೆಯಿಂದ ಹೇಳುತ್ತಿದ್ದರು. ಇರುವೆ ಕಾಲಿಗೆ ಸಿಕ್ಕೀತೆಂದು ನೋಡಿ ನಡೆಯುವ ಮನುಷ್ಯನ ಅನ್ನ ತಿಂದ ಪ್ರಾಣಿ ಐದು ಜೀವ ತೆಗೆದಿದೆಯೆಂದು ನಾನು ಚಹಾದಂಗಡಿಯಲ್ಲಿ ಸಾರಿದ್ದೆ. ಶಾಂತಿರಾಜರು ಗ್ಲಾಸು ಕೆಳಗಿಟ್ಟು ನಿಧಾನವಾಗಿ, ಅದು ಹೌದಾದರೆ ಮೋತಿ ನನ್ನ ಮನೆಯಲ್ಲಿರುವುದು ಬೇಡ, ನಾರಾವಿಯ ಆಚೆ ಪರಿಚಯದವರ ರಬ್ಬರ್ ತೋಟದ ಕಾವಲಿಗೆ ಕಳುಹಿಸುತ್ತೇನೆ, ಅಲ್ಲವಾದರೆ ರವೂಫರು ಬಂದು ತಮ್ಮ ಕೈಯಿಂದಲೇ ಸರಪಳಿ ಬಿಚ್ಚಲಿ, ಅಲ್ಲಿಯವರೆಗೆ ಕಟ್ಟಿಯೇ ಇಡುತ್ತೇನೆ ಎಂದರು. ಅವತ್ತೇ ಪೇಟೆಯಿಂದ ಸರಪಳಿ ಕೊಂಡರು. ಅದಕ್ಕೆ ಮೊದಲು ಆ ನಾಯಿಗೆ ಸರಪಳಿಯೇ ಇರಲಿಲ್ಲ.

ಇಲ್ಲಿಂದ ತಮ್ಮ ಪ್ರವೇಶ. ಜುಬೈಲಿನಲ್ಲಿರುವ ನನ್ನ ಅಕ್ಕನ ಮಗ ಹಾರಿಸ್ ರಜೆಗೆ ಬರುವವನಿದ್ದ. ಅವನಿಗೆ ಫೋನು ಮಾಡಿ ಹೇಳಿದಾಗ, ಕಾಡುಪ್ರಾಣಿಗಳನ್ನು ತಾನಾಗಿಯೇ ಫೋಟೋ ಹಿಡಿಯುವ ಪೆಟ್ಟಿಗೆ ಇಲ್ಲಿ ಸಿಗುತ್ತದೆ ಮಾಮಾ, ಬಿಸಿ ಮೈಯ ಪ್ರಾಣಿ ಎದುರು ಹಾದುಹೋದರೆ ಸಾಕು ಎಂದ. ಎರಡು ಜಾತಿಯದ್ದು ಉಂಟು, ಒಂದು ಹೊಸದು, ರೀಲು ಬೇಡ, ಚಿತ್ರವೆಲ್ಲ ಬೆರಳಿನ ಉಗುರಿನಷ್ಟು ಚೀಟಿಯಲ್ಲಿ ಕೂರುತ್ತದೆ, ಕಣ್ಣಿಗೆ ಕಾಣದ ಬೆಳಕಿನಲ್ಲಿ ಹಿಡಿಯುವುದರಿಂದ ಪ್ರಾಣಿಗೆ ಗೊತ್ತೂ ಆಗುವುದಿಲ್ಲ. ಇನ್ನೊಂದು ಹಳೆಯದು, ಮೂವತ್ತಾರರ ರೀಲು, ಫ್ಲಾಶು ಹೊಡೆಯುತ್ತದೆ, ಮೂಲೆಯಲ್ಲಿ ತಾರೀಕು ಗಂಟೆ ಬೀಳುತ್ತದೆ, ಯಾವುದು ಬೇಕು ಎಂದು ಕೇಳಿದ. ನೆಗೆಟಿವ್ ಇಲ್ಲದ ಫೋಟೋವನ್ನು ಯಾವ ನ್ಯಾಯಾಧೀಶರೂ ಮೂಸುವುದಿಲ್ಲ ಎಂಬ ಕಾನೂನು ಜ್ಞಾನದಿಂದ ನಾನು ತಮ್ಮನ್ನು ಆರಿಸಿದೆ. ಆರಿಸಿದ್ದು ನಾನೇ, ಈ ಒಂದು ತಪ್ಪನ್ನು ತಮ್ಮ ತಲೆಗೆ ಕಟ್ಟುವುದಿಲ್ಲ.

ಬಂದು ನೋಡಿದರೆ ತಮ್ಮ ಮೈತುಂಬ ಎಲೆಗಳ ಚಿತ್ರ. ಪ್ರಾಣಿಗಳಿಗೆ ಕಾಣದಿರಲೆಂದು ಬಳಿದದ್ದಂತೆ. ಆದರೆ ಅವು ಯಾವುದೋ ಶೀತದೇಶದ ಮರದ ಎಲೆಗಳು, ನಮ್ಮ ವೇಣೂರಿನ ಹಲಸಿನ ಮರದಲ್ಲಿ ಅಂಥ ಎಲೆ ಯಾವ ಕಾಲಕ್ಕೂ ಚಿಗುರಿದ್ದಿಲ್ಲ, ಹಾಗಾಗಿ ಇಡೀ ಹಿತ್ತಿಲಿನಲ್ಲಿ ದೂರದಿಂದಲೇ ಎದ್ದು ಕಾಣುವ ವಸ್ತುವೆಂದರೆ ತಾವೊಬ್ಬರೇ ಆದಿರಿ. ದಾರಿಹೋಕರು ನಿಂತು, ಮರಕ್ಕೆ ಕರೆಂಟು ಕೊಟ್ಟಿದ್ದೀರಾ ಎಂದು ಕೇಳಿದರು. ಹುಂಜ ಎರಡು ದಿನ ತಮ್ಮ ಎದುರೇ ನಿಂತು ಜಗಳಕ್ಕೆ ಕರೆಯಿತು. ತಮ್ಮ ಜೊತೆಗೆ ಬಂದ ಪುಸ್ತಕದಲ್ಲಿ, ಸಣ್ಣ ಪ್ರಾಣಿಗಾದರೆ ಮೊಣಕಾಲೆತ್ತರಕ್ಕೆ ಕಟ್ಟಿ, ಸೂರ್ಯನ ಕಡೆಗೆ ಮುಖ ಮಾಡಿಸಬೇಡಿ, ಎದುರಿನ ಎಲೆ ಕೊಂಬೆಗಳನ್ನು ಸವರಿ ಎಂದೆಲ್ಲ ಬರೆದಿತ್ತೆಂದು ಹಾರಿಸ್ ಓದಿ ಹೇಳಿದ. ಎತ್ತರದ ಮಾತನ್ನು ಕೇಳಿದೆ, ಉಳಿದದ್ದು ಕಂಪೆನಿಯವರು ಪುಟ ತುಂಬಿಸಲು ಬರೆದದ್ದೆಂದು ಬಿಟ್ಟುಬಿಟ್ಟೆ.

ಮೊದಲ ರೀಲನ್ನು ತೊಳೆಸಲು ಮೂಡಬಿದಿರೆಯ ಸ್ಟುಡಿಯೋಕ್ಕೆ ಹೋದೆ. ತಮ್ಮ ಪ್ರಥಮ ಕೃತಿಯ ವಿವರ ಹೀಗಿದೆ: ಹದಿನಾಲ್ಕು ಫೋಟೋದಲ್ಲಿ ಗಾಳಿಗೆ ಅಲ್ಲಾಡುವ ಬಾಳೆ ಎಲೆ, ಒಂಬತ್ತರಲ್ಲಿ ಸೂರ್ಯೋದಯ, ಎಂಟರಲ್ಲಿ ಬಗ್ಗಿ ತಮ್ಮ ಕುಶಲ ವಿಚಾರಿಸುತ್ತಿರುವ ನನ್ನ ನೆತ್ತಿ, ನಾಲ್ಕರಲ್ಲಿ ಹುಂಜ, ಒಂದರಲ್ಲಿ ಯಾರನ್ನೋ ಬೈಯುತ್ತಿರುವ ನಸೀಬಾ. ಆ ‘ಯಾರನ್ನೋ’ ಯಾರೆಂದು ತಮಗೂ ಗೊತ್ತು. ಸ್ಟುಡಿಯೋದ ಕಾಂತಿ ಎಂಬ ಹೆಂಗಸು ಮದುವೆ ಆಲ್ಬಮ್ಮುಗಳ ನಡುವೆ ಇದನ್ನು ಒಂದೊಂದಾಗಿ ನೋಡಿ, ಎಲೆ ಹದಿನಾಲ್ಕು ಉಂಟು, ಊಟಕ್ಕೆ ಎಷ್ಟು ಜನ ಸರ್ ಎಂದು ಬಹಳ ವಿನಯದಿಂದ ಕೇಳಿದರು. ನಾನು ಮನೆಗೆ ಬಂದು ಆ ಬಾಳೆಯ ಎಲೆಗಳನ್ನೆಲ್ಲ ಕಡಿದೆ, ತಮ್ಮ ಮುಖವನ್ನು ಉತ್ತರಕ್ಕೆ ತಿರುಗಿಸಿದೆ. ಆ ನಡುವೆ ಆರನೆಯ ಕೋಳಿಯೂ ಹೋಯಿತು. ಮೋತಿ ಕಟ್ಟಿದಲ್ಲೇ ಇದೆಯಲ್ಲಾ ಎಂದು ಹನೀಫಾ ಕೇಳಿದಾಗ ನಾನು, ಸರಪಳಿ ಉದ್ದ ಉಂಟು ಎಂದೆ.

ಎರಡನೆಯ ರೀಲಿನ ವಿಷಯವನ್ನು ಈವರೆಗೆ ನಾನು ಯಾರಿಗೂ ಹೇಳಿಲ್ಲ, ತಮಗೆ ಗೊತ್ತಿರುವುದರಿಂದ ಮುಚ್ಚಿಟ್ಟೂ ಪ್ರಯೋಜನವಿಲ್ಲ. ಹೊಟ್ಟೆಯೊಳಗೆ ಇರುವೆಗಳು ಸಂಸಾರ ಹೂಡಿದ್ದರೂ ತಾವು ಆ ಕಷ್ಟದ ನಡುವೆ ಒಂದು ಫೋಟೋ ತೆಗೆದಿದ್ದಿರಿ. ತೆರೆದ ಗೂಡಿನ ಬಾಗಿಲು. ಬಾಗಿಲಲ್ಲಿ ಒಂದು ಪುನುಗು ಬೆಕ್ಕು. ಬಾಯಲ್ಲಿ ನಮ್ಮ ಬಿಳಿ ಹೇಂಟೆ. ಪಾಸ್‌ಪೋರ್ಟಿಗೆ ಕೂತವರ ಹಾಗೆ ನೇರ ತಮ್ಮ ಕಣ್ಣನ್ನೇ ನೋಡುತ್ತಿದೆ. ಇಷ್ಟು ಸ್ಪಷ್ಟವಾಗಿ ತೆಗೆಯಬೇಕಾದ ಅಗತ್ಯವೇನಿತ್ತು ಎಂದು ಗೌರವದಿಂದ ಕೇಳುತ್ತೇನೆ. ಬಾಳೆ ಎಲೆಯನ್ನು ಮಸುಕಾಗಿ ತೆಗೆಯಲು ಬಂದವರಿಗೆ ಇದನ್ನೂ ಮಸುಕಾಗಿ ತೆಗೆಯಲು ಬರುತ್ತಿರಲಿಲ್ಲವೇ? ಅವತ್ತೇ ನಾನು ಬೇಲಿ ದಾಟಿ ಹೋಗಿ ಸರಪಳಿ ಬಿಚ್ಚಬೇಕಿತ್ತು. ಬಿಚ್ಚಲಿಲ್ಲ. ಬೆಕ್ಕು ತಿಂದದ್ದು ಆರನೆಯ ಕೋಳಿ ಇರಬಹುದು, ಮೊದಲ ಐದನ್ನು ತಿನ್ನಲಿಲ್ಲವೆಂಬುದಕ್ಕೆ ನಾಯಿಯ ಕೈಯಲ್ಲಿ ದಾಖಲೆ ಏನುಂಟು ಎಂದು ವಾದ ಹೂಡಿ ಆ ಫೋಟೋವನ್ನು ಹಳೆಯ ಅರ್ಜಿಗಳ ಕಡತದ ಅಡಿಗೆ ತಳ್ಳಿ, ತಮಗೆ ಇನ್ನೊಂದು ಅವಕಾಶ ಕೊಡುವ ಎಂದು ಹೊಸ ರೀಲು ಹಾಕಿದೆ. ಆ ವಾರವೆಲ್ಲ ಬೆಳಿಗ್ಗೆ ಪೇಪರು ಸಿಕ್ಕಿಸಲು ಕಂಬದ ಹತ್ತಿರ ಹೋದಾಗ ಮೋತಿ ಆಚೆಯಿಂದ ಬಾಲ ಅಲ್ಲಾಡಿಸುತ್ತಿತ್ತು. ನಾನು ಬೇರೆ ಕಡೆ ನೋಡುತ್ತಿದ್ದೆ.

ಮೂರನೆಯ ರೀಲಿನಲ್ಲಿ ತಾವು ನನ್ನ ಮಾತು ಕೇಳಿದಿರಿ. ಮೂಡಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕವರು ಬಿಚ್ಚಿದರೆ ಎಲ್ಲಕ್ಕಿಂತ ಮೇಲಿನ ಫೋಟೋದಲ್ಲೇ ಮೋತಿ, ಅದರ ಮೂಗಿಗೆ ತಾಗಿಕೊಂಡು ನಮ್ಮ ಕೆಂಪು ಹೇಂಟೆ, ಹಿಂದೆ ಕೋಳಿಗೂಡು, ಮೂಲೆಯಲ್ಲಿ ತಾರೀಕು, ಸಂಜೆ ಆರೂ ಇಪ್ಪತ್ತಮೂರು. ಹೃದಯ ತುಂಬಿ ಬಂತು. ಗೆಲ್ಲುವ ದಾಖಲೆ ಕೈಗೆ ಸಿಕ್ಕಿದ ಮೇಲೆ ಉಳಿದ ಕಡತ ಓದುವ ಅಭ್ಯಾಸ ನಮ್ಮ ವೃತ್ತಿಯಲ್ಲಿ ಇಲ್ಲ. ಮಿಕ್ಕದ್ದನ್ನು ಕವರಿಗೆ ತುರುಕಿ ಬಸ್ಸು ಹತ್ತಿದೆ, ವೇಣೂರಿನಲ್ಲಿ ಇಳಿದವನೇ ಹನೀಫಾನ ಹೋಟೆಲಿಗೆ ಹೋಗಿ, ಸಾಕ್ಷಿ ಬಂದಿದೆ, ಶಾಂತಿರಾಜರಿಗೆ ಹೇಳಿಕಳುಹಿಸಿ ಎಂದು ಬೆಂಚಿನ ಮೇಲೆ ಕೂತೆ.

ಅವರು ಬಂದರು. ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. ಆದರೆ ಈ ಹನೀಫಾ ಎಂಬವನಿಗೆ ಇಸ್ಪೀಟು ಆಡಿ ಅಭ್ಯಾಸ. ಕವರಿನಲ್ಲಿ ಇನ್ನೂ ಉಂಟಲ್ಲ ಮಾರಾಯ್ರೆ ಎಂದು ಎಲ್ಲವನ್ನೂ ಹೊರಗೆಳೆದು, ಮೂಲೆಯ ಗಂಟೆ ನೋಡಿ, ಎಲೆ ಜೋಡಿಸಿದ ಹಾಗೆ ಮೇಜಿನ ಮೇಲೆ ಸಾಲಾಗಿ ಇಟ್ಟ. ಆರೂ ಇಪ್ಪತ್ತಮೂರು: ಕಂಡಕ್ಟರು ಕೊನೆಯ ಪ್ಯಾಸೆಂಜರನ್ನು ಬಸ್ಸಿನೊಳಗೆ ದಬ್ಬುವ ಹಾಗೆ ಮೋತಿ ಕೆಂಪು ಹೇಂಟೆಯನ್ನು ಮೂಗಿನಿಂದ ಗೂಡಿಗೆ ದಬ್ಬುತ್ತಿದೆ. ಆರೂ ಇಪ್ಪತ್ತನಾಲ್ಕು: ಹೇಂಟೆ ಒಳಗೆ, ಮೋತಿ ಹೊರಗೆ ಕೂತಿದೆ, ಸರಪಳಿಯ ತುದಿ ಒಂದು ಕೈಯಲ್ಲಿದೆ. ಮತ್ತೊಂದರಲ್ಲಿ ಆ ಕೈ ಬಾಗಿಲಿನ ಚಿಲಕ ಎತ್ತುತ್ತಿದೆ. ಕೊನೆಯದರಲ್ಲಿ ತಮ್ಮ ಫ್ಲಾಶಿಗೆ ಕಣ್ಣು ಕಿರಿದು ಮಾಡಿಕೊಂಡು, ಚಿಲಕ ಬಿದ್ದಿತೋ ಎಂದು ಬಗ್ಗಿ ನೋಡುತ್ತಿರುವ ಶಾಂತಿರಾಜರು. ಮರುದಿನ ಸಂಜೆಯದ್ದೂ ಹಾಗೆಯೇ, ಅದರ ಮರುದಿನದ್ದೂ ಹಾಗೆಯೇ, ಒಂಬತ್ತು ದಿನ.

ಹಾಗಾದರೆ ಇಷ್ಟು ವರ್ಷ ಈ ಬಾಗಿಲು ಹಾಕುತ್ತಿದ್ದದ್ದು ಯಾರು ಎಂದು ಹನೀಫಾ ಕೇಳಿದ. ಮತ್ತೆ ಯಾರು, ನಸೀಬಾ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಆಗ ಶಾಂತಿರಾಜರು ಫೋಟೋದಿಂದ ತಲೆ ಎತ್ತದೆ, ಆ ಚಿಲಕ ಬಿಗಿ ಉಂಟು ರವೂಫರೇ, ಸ್ವಲ್ಪ ಎತ್ತಿ ಆಮೇಲೆ ದೂಡಬೇಕು, ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ತಾನಾಗಿಯೇ ಜಾರುತ್ತದೆ, ಬಾಗಿಲು ಬದಲಿಸಿದ ವರ್ಷದಿಂದ ಹಾಗೆಯೇ ಎಂದರು. ಬಾಗಿಲು ಬದಲಿಸಿ ಹನ್ನೊಂದು ವರ್ಷವಾಯಿತು. ನನ್ನ ಗೂಡಿನ ಚಿಲಕದ ಈ ಗುಣ ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು ನಸೀಬಾಳನ್ನು ಕೇಳಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ, ಮಸೀದಿಗೆ ಹೊರಡುವಾಗ ನೀವೇ ಹಾಕಿ ಹೋಗುವುದಲ್ಲವಾ ಎಂದಳು. ನಾನು ಸಂಜೆಯ ಮಗ್ರಿಬಿನ ನಮಾಜಿಗೆ ಹೊರಡುವಾಗ ಕೋಳಿಗಳು ಇನ್ನೂ ಪೂರ್ತಿ ಗೂಡು ಸೇರಿರುವುದಿಲ್ಲ, ಅವಳು ನಮಾಜು ಮುಗಿಸಿ ಹಾಕುತ್ತಾಳೆಂದು ನಾನು ತಿಳಿದಿದ್ದೆ. ಅವಳು ಜಾನಮಾಜ್ ಚಾಪೆ ಮಡಚಿ ಹೊರಗೆ ಬಂದಾಗ ಬಾಗಿಲು ಹಾಕಿಯೇ ಇರುತ್ತಿತ್ತು, ಹಾಗಾಗಿ ಅವಳು ನಾನೇ ಎಂದು ತಿಳಿದಿದ್ದಳು, ಕ್ರಮೇಣ ಆ ಕಡೆ ನೋಡುವುದನ್ನೂ ಬಿಟ್ಟಿದ್ದಳು. ನಾವಿಬ್ಬರೂ ನಮಾಜಿನಲ್ಲಿರುವ ಆ ಕಾಲು ಗಂಟೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿದ ಮನುಷ್ಯರೊಬ್ಬರು ನಾಯಿಯ ಜೊತೆ ನಮ್ಮ ಹಿತ್ತಿಲಿನ ದಾರಿಯಾಗಿ ಹೊಳೆಯ ಕಡೆ ತಿರುಗಾಡಲು ಹೋಗುತ್ತಿದ್ದರು. ಹೋಗುವ ದಾರಿಯಲ್ಲಿ, ಕೇಳದೆ, ಹೇಳದೆ, ಬಾಗಿಲು ಹಾಕುತ್ತಿದ್ದರು. ನಾನು ಪದಬಂಧ ತುಂಬಿಸಿದ ದಿನ ಅವರು ದಾರಿ ಬದಲಿಸಿದರು, ಬಾಗಿಲು ತೆರೆದೇ ಉಳಿಯಿತು, ಬೆಕ್ಕು ಬಂತು. ನಾಯಿ ಕಟ್ಟಿದ ಮೇಲೂ ಕೋಳಿ ಹೋಯಿತೆಂದು ನಸೀಬಾ ಬೇಲಿಯ ಬಳಿ ರಾಜಮತಿಯಮ್ಮನಿಗೆ ಹೇಳಿದಳಂತೆ, ಹೆಂಗಸರು ಮಾತು ಬಿಟ್ಟಿರಲೇ ಇಲ್ಲ. ಅದು ಕಿವಿಗೆ ಬಿದ್ದ ಸಂಜೆಯಿಂದ ಶಾಂತಿರಾಜರು ಪುನಃ ಬರತೊಡಗಿದರು. ಮರದಲ್ಲಿ ತಾವಿರುವುದು ಅವರಿಗೆ ಗೊತ್ತಿತ್ತು. ಫ್ಲಾಶು ಕಣ್ಣಿಗೇ ಹೊಡೆದಿತ್ತು. ನಾಯಿಯನ್ನು ಗೂಡಿನ ಹತ್ತಿರ ತಂದರೆ ಅದೇ ಸಾಕ್ಷಿಯಾದೀತೆಂದು ತಿಳಿದೂ ಒಂಬತ್ತು ದಿನ ಬಂದರು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ, ಬೇರೆ ಶಬ್ದ ಹುಡುಕುವುದಿಲ್ಲ.

ಅವತ್ತು ಸಂಜೆ ಆರು ಗಂಟೆಗೆ ನಾನು ಬೆಕ್ಕಿನ ಫೋಟೋ ಹಿಡಿದುಕೊಂಡು ಬೇಲಿ ದಾಟಿ ಹೋದೆ. ಫೋಟೋವನ್ನು ಶಾಂತಿರಾಜರ ಕೈಗೆ ಕೊಟ್ಟೆ, ಅವರು ಮೂಲೆಯ ತಾರೀಕು ನೋಡಿದರು, ಮೂರು ವಾರ ಹಳೆಯದೆಂದು ತಿಳಿದುಕೊಂಡರು, ಮಡಚಿ ಕಿಸೆಗೆ ಹಾಕಿದರು. ನಾನು ಮೊಣಕಾಲೂರಿ ಸರಪಳಿ ಬಿಚ್ಚಿದೆ. ಎರಡು ತಿಂಗಳು ಕಟ್ಟಿಹಾಕಿದ ನಾಯಿ ಬಿಟ್ಟ ಕೂಡಲೇ ಓಡಿಹೋಗುತ್ತದೆಂದು ತಿಳಿದಿದ್ದೆ. ಅದು ನನ್ನ ಕೈ ಮೂಸಿತು, ಆಮೇಲೆ ಬೇಲಿಯ ಸಂದಿಯಿಂದ ನುಸುಳಿ ನೇರ ನಮ್ಮ ಗೂಡಿನ ಕಡೆ ನಡೆಯಿತು, ಕೋಳಿಗಳು ಸೇರುವ ಹೊತ್ತಾಗಿತ್ತು. ಮಸೀದಿಯ ಬಾಂಗ್ ಕೇಳಿಸಿತು. ಶಾಂತಿರಾಜರು, ನೀವು ಹೋಗಿ ಬನ್ನಿ, ನಾನು ಹಾಕುತ್ತೇನೆ ಎಂದರು.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆ ಏನೆಂದರೆ, ಇನ್ನು ಮುಂದೆ ಯಾವುದೇ ಸತ್ಯವನ್ನು ಸೆರೆಹಿಡಿಯುವ ಮೊದಲು ಅದು ಯಾರ ಕಡೆಯದ್ದೆಂದು ತಮ್ಮನ್ನು ಕಟ್ಟಿದವರಲ್ಲಿ ವಿಚಾರಿಸಬೇಕು. ನನಗೆ ಅನುಕೂಲವಾದ ಫೋಟೋ ಬಂದ ಕೂಡಲೇ ರೀಲು ಮುಗಿಯುವಂತೆ ಏರ್ಪಾಡು ಮಾಡಬೇಕು. ನನ್ನ ನೆತ್ತಿಯ ಚಿತ್ರಗಳಲ್ಲಿ ಹತ್ತು ವರ್ಷದ ಹಿಂದಿನ ಕೂದಲನ್ನು ಸೇರಿಸಬೇಕು. ಮತ್ತು ಸಾಧ್ಯವಾದರೆ ಕಳೆದ ದೀಪಾವಳಿಯ ವಾರಕ್ಕೆ ಹಿಂದೆ ಹೋಗಿ, ಬಸ್ಸು ಕಾಯುತ್ತಾ ಪೆನ್ನಿನ ಮುಚ್ಚಳ ತೆಗೆಯುತ್ತಿರುವ ಒಬ್ಬ ಮನುಷ್ಯನ ಕಣ್ಣಿಗೆ ಸರಿಯಾಗಿ ಒಂದು ಫ್ಲಾಶು ಹೊಡೆಯಬೇಕು. ಈ ಕೊನೆಯದೊಂದನ್ನು ನಡೆಸಿಕೊಟ್ಟರೆ ಉಳಿದದ್ದೆಲ್ಲವನ್ನೂ ವಾಪಸು ಪಡೆಯಲು ಸಿದ್ಧನಿದ್ದೇನೆ.

ತಮ್ಮ ಹಲಸಿನ ಮರದ ವಾಸ ಸುಖವಾಗಿರಲಿ, ಇರುವೆಗಳು ತಮ್ಮೊಂದಿಗೆ ಅನ್ಯೋನ್ಯವಾಗಿ ಬಾಳಲಿ.

ಇತಿ, ಮೂರು ರೀಲುಗಳಿಂದ ಪೂರ್ತಿ ಬಯಲಾಗಿಯೂ

ತಮ್ಮ ವಿಶ್ವಾಸಿ,
ಅಬ್ದುಲ್ ರವೂಫ್

ವಿ.ಸೂ.: ಈ ಪತ್ರ ಮುಗಿಸಿದ ಮೇಲೆ ನಾಲ್ಕನೆಯ ರೀಲು ತೊಳೆದು ಬಂತು. ಕಳೆದ ಗುರುವಾರ ಶಾಂತಿರಾಜರಿಗೆ ಜ್ವರವಿದ್ದುದರಿಂದ ನಾನು ಮಸೀದಿಯಿಂದ ಓಡಿ ಬಂದು, ಬದುಕಿನಲ್ಲಿ ಮೊದಲ ಸಲ, ಎತ್ತಿ ಆಮೇಲೆ ದೂಡಿ, ಆ ಚಿಲಕ ಹಾಕಿದ್ದೆ. ಹಾಕಿದೆನೆಂದು ಹೇಳಿದರೆ ಶಾಂತಿರಾಜರು ಈಗ ಫೋಟೋ ಕೇಳುತ್ತಿದ್ದಾರೆ. ಆರೂ ಮೂವತ್ತೆಂಟಕ್ಕೆ ತಾವು ತೆಗೆದ ಆ ಫೋಟೋವನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಬಾಳೆ ಪುನಃ ಚಿಗುರಿದೆ, ಎಲೆ ಮಾತ್ರ ಬಹಳ ಸ್ಪಷ್ಟವಾಗಿ ಬಂದಿದೆ.